ಸಕಲೇಶಪುರದ ಮೇಷ್ಟರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಮೇಷ್ಟರಿಗೆ ನಮಸ್ಕಾರಗಳು.

ಹುಡುಗಿಯರ ಬೆನ್ನುಬಿದ್ದು ಕಾಡುವುದನ್ನೇ ಪ್ರೇಮವೆಂದು ತೋರಿಸುವ ಸಿನಿಮಾಗಳ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಬರೆದುದನ್ನು ತಾವು ಒಪ್ಪಿಲ್ಲ. ‘ಸಿನಿಮಾ ನೋಡಿ ಯಾರೂ ಕೆಡುವುದಿಲ್ಲ, ಅಮ್ಮನಿಗೆ ಅಪ್ಪ ಹೊಡೆಯುವುದನ್ನು ನೋಡಿ ಬೆಳೆದ ಹುಡುಗನಿಗೆ ಪರದೆಯ ಪಾಠವೇಕೆ ಬೇಕು? ಈ ಚರ್ಚೆ ನಿಲ್ಲಿಸಿ’ ಎಂದು ಬರೆದಿದ್ದೀರಿ.

ಮನೆಯ ವಿಷಯದಲ್ಲಿ ತಮ್ಮ ಮಾತು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಸುಮಾರು ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಯಾವುದಾದರೊಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿ ಎಂದವರು ಗಂಡಸರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು. ಇದನ್ನು ಹುಟ್ಟುಹಾಕಿದ್ದು ಸಿನಿಮಾ ಎಂದು ನಾನು ಹೇಳಲಾರೆ.

ಆದರೆ ಸಿನಿಮಾದಿಂದ ಏನೂ ಆಗುವುದಿಲ್ಲ ಎಂಬ ಮಾತನ್ನು, ಅದರಲ್ಲೂ ತಮ್ಮಂಥ ಓದಿಕೊಂಡವರಿಂದ, ಕೇಳಲು ಬೇಸರವಾಗುತ್ತದೆ. 1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರ ಕಥೆಯನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಒಳ್ಳೆಯದನ್ನು ಕಲಿಸುವ ಶಕ್ತಿ ಪರದೆಗೆ ಉಂಟು, ಕೆಟ್ಟದ್ದನ್ನು ಕಲಿಸುವ ಶಕ್ತಿ ಮಾತ್ರ ಇಲ್ಲ ಎಂದರೆ ಯಾರು ನಂಬುತ್ತಾರೆ?

1981ರಲ್ಲಿ ನೀಲ್ ಮಾಲಮತ್ ಮತ್ತು ಜೇಮ್ಸ್ ಚೆಕ್ ಎಂಬ ಸಂಶೋಧಕರು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಹೆಣ್ಣಿನ ಮೇಲಿನ ಬಲಾತ್ಕಾರ ಕೊನೆಗೆ ಒಳಿತಿನಲ್ಲೇ ಮುಗಿಯುವಂಥ ಚಿತ್ರಗಳನ್ನು ಒಂದು ಗುಂಪಿಗೂ ಅಂಥದ್ದಿಲ್ಲದ ಚಿತ್ರಗಳನ್ನು ಇನ್ನೊಂದು ಗುಂಪಿಗೂ ತೋರಿಸಿದರು. ಕೆಲವು ದಿನ ಬಿಟ್ಟು, ಚಿತ್ರಗಳಿಗೂ ಇದಕ್ಕೂ ನಂಟಿದೆಯೆಂದು ತಿಳಿಸದೆ, ತರಗತಿಯಲ್ಲಿ ಪ್ರಶ್ನಾವಳಿ ಕೊಟ್ಟರು. ಮೊದಲ ಗುಂಪಿನ ಹುಡುಗರಲ್ಲಿ ಹೆಣ್ಣಿನ ಮೇಲಿನ ಹಿಂಸೆಯನ್ನು ಒಪ್ಪಿಕೊಳ್ಳುವ ಮನೋಭಾವ ಹೆಚ್ಚಾಗಿತ್ತು. ಹಿಂಸೆಯನ್ನು ತೋರಿಸಬಾರದೆಂದು ನಾನು ಎಂದೂ ವಾದಿಸಿಲ್ಲ. ಹಿಂಸಿಸಿದವನಿಗೆ ಕೊನೆಗೆ ಹುಡುಗಿಯೇ ಬಹುಮಾನವಾಗಿ ಸಿಗುತ್ತಾಳಲ್ಲ, ನನ್ನ ತಕರಾರು ಅದರ ಮೇಲೆ.

ನಮ್ಮ ಪತ್ರಿಕೆಯ ಯುವ ಕಥಾಸ್ಪರ್ಧೆಗೆ ಬರುವ ಕಥೆಗಳನ್ನು ತಾವೊಮ್ಮೆ ಓದಬೇಕು. ಅಂಥದೊಂದರಲ್ಲಿ ಹಾಸನದ ಬಸ್ ನಿಲ್ದಾಣದಿಂದ ಹಾಸ್ಟೆಲ್ ಬಾಗಿಲವರೆಗೆ ದಿನವೂ ಹುಡುಗ ಹಿಂದೆ ಬರುತ್ತಾನೆ. ಹುಡುಗಿ ಬೈಯುತ್ತಾಳೆ, ದಾರಿ ಬದಲಿಸುತ್ತಾಳೆ. ಅವನು ಕೈ ಕೊಯ್ದುಕೊಂಡು ಆಸ್ಪತ್ರೆ ಸೇರಿದಾಗ ಅವಳೇ ಬಂದು ಕ್ಷಮೆ ಕೇಳುತ್ತಾಳೆ. ಬರೆದವನು ಅಚ್ಚುಕಟ್ಟಾದ ಕನ್ನಡ ಬರೆಯುವ, ದುಷ್ಟತನದ ಲವಲೇಶವೂ ಇಲ್ಲದ ಹುಡುಗ. ಹೀಗೆ ಹಿಂಬಾಲಿಸುವುದು 2013ರಿಂದಲೇ ಅಪರಾಧವೆಂದೂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಮೊದಲ ಸಲವೇ 3 ವರ್ಷದವರೆಗೆ ಸೆರೆವಾಸವಿದೆಯೆಂದೂ ಅವನಿಗೆ ಯಾರೂ ಹೇಳಿರಲಿಲ್ಲ. ಅವನಪ್ಪ ಹೆಂಡತಿಗೆ ಹೊಡೆಯುವವನೋ ಅಲ್ಲವೋ ನನಗೆ ತಿಳಿಯದು; ಆ ಕಥೆಯ ಮುಕ್ತಾಯವಂತೂ ಅವನ ಮನೆಯಿಂದ ಬಂದದ್ದಲ್ಲ.

ಸುದ್ದಿವಾಹಿನಿಗಳು ಸಿನಿಮಾಕ್ಕಿಂತ ಕಡಿಮೆಯೇನಲ್ಲ. ಕಾಲೇಜು ಹುಡುಗಿಯೊಬ್ಬಳ ಕೊಲೆಯಾದರೆ ಸಿಸಿಟಿವಿ ದೃಶ್ಯಕ್ಕೆ ಕೆಂಪು ವೃತ್ತ ಹಾಕಿ, ಹಿನ್ನೆಲೆ ಸಂಗೀತ ಸೇರಿಸಿ ರಾತ್ರಿಯಿಡೀ ತಿರುಗಿಸುತ್ತಾರೆ. ಅವಳು ಯಾರೊಡನೆ ಮಾತನಾಡುತ್ತಿದ್ದಳು ಎಂಬುದರ ಮೇಲೆ ಅರ್ಧ ಗಂಟೆಯ ಚರ್ಚೆ ನಡೆಯುತ್ತದೆ. ಕೊಂದವನ ಅಳಲಿಗೆ ಸಿಗುವಷ್ಟು ಹೊತ್ತು ಸತ್ತವಳ ಬದುಕಿಗೆ ಸಿಗುವುದಿಲ್ಲ.

ಇನ್ನು ಮೊಬೈಲ್. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಮ್ಮ ಹಾಸನದಲ್ಲಿ ಹಂಚಿಹೋದ, ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳನ್ನು ತಾವು ಮರೆತಿರಲಾರಿರಿ. ಹೆಣ್ಣುಮಕ್ಕಳ ಮುಖವನ್ನೂ ಮರೆಮಾಡದ ಆ ವಿಡಿಯೊಗಳು ಚಹಾದಂಗಡಿಯ ಬೆಂಚುಗಳ ಮೇಲೆ ಫೋನಿನಿಂದ ಫೋನಿಗೆ ದಾಟಿದವು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ 2 ವರ್ಷದವರೆಗೆ ಜೈಲು ಎಂಬ ಕಾನೂನು ಆಗಲೂ ಇತ್ತು. ದಾಟಿಸಿದ ಹುಡುಗರಿಗೆ ಅದು ರಾಜಕೀಯ ಸುದ್ದಿಯಾಗಿ ಕಂಡಿತೇ ಹೊರತು, ಆ ಹೆಂಗಸರಿಗೆ ತಾವೂ ಮಾಡುತ್ತಿರುವ ಹಿಂಸೆಯಾಗಿ ಕಾಣಲಿಲ್ಲ. ಪರರ ನೋವನ್ನು ಪರದೆಯ ಮೇಲೆ ನೋಡಿ ನೋಡಿ ಜಡ್ಡುಗಟ್ಟಿದ ಕಣ್ಣುಗಳಿಗೆ ಅದು ಕಾಣುವುದಾದರೂ ಹೇಗೆ?

ಆದ್ದರಿಂದ ಈ ಚರ್ಚೆಯನ್ನು ನಾವು ನಿಲ್ಲಿಸುವುದಿಲ್ಲ. ತಮ್ಮ ಹಳೆಯ ವಿದ್ಯಾರ್ಥಿನಿಯರು ಈಗಲೂ ತಮ್ಮನ್ನು ಕಾಣಲು ಬರುತ್ತಾರೆಂದು ಬರೆದಿದ್ದೀರಿ. ಅವರಲ್ಲಿ ಯಾರಿಂದಲಾದರೂ, ಹೆಸರು ಬೇಡವೆಂದರೆ ಹೆಸರಿಲ್ಲದೆಯೇ, ಈ ವಿಷಯವಾಗಿ ಬರೆಸಿ ಕಳುಹಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ಅವರಿಗೇ ಬಿಟ್ಟುಕೊಡುತ್ತೇನೆ.

— ಸಂ.