ಮುಂದಿನ ಬ್ರೇಕಿಗೆ ಹೆದರಬೇಕೇ?

ಲೈಸೆನ್ಸ್ ಪರೀಕ್ಷೆಯಲ್ಲಿ ‘ಎಂಟು’ ಹಾಕಿ ತೇರ್ಗಡೆಯಾಗಿದ್ದೀರಿ. ಇನ್ನು 150 ಸಿ.ಸಿ. ಬೈಕಿನಲ್ಲಿ ದಿನವೂ ಮುಳ್ಳೇರಿಯದಿಂದ ಕಾಸರಗೋಡಿಗೆ ಕೆಲಸಕ್ಕೆ ಹೋಗಬೇಕು. ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳುವೆ ಎಂದು ಮನೆಯ ಹಿರಿಯರು ಹೆದರಿಸುತ್ತಾರೆ. ಮಳೆಗಾಲಕ್ಕೆ ಮೊದಲು ಏನನ್ನು ಕಲಿಯಬೇಕು ಎಂದು ಕೇಳಿದ್ದೀರಿ. ಅದೇ ದಾರಿಯಲ್ಲಿ ಬಹುಕಾಲದಿಂದ ಓಡಾಡುತ್ತಿರುವ ನಾನು ಹೇಳುವುದಿಷ್ಟು: ಬೈಕನ್ನು ನಿಲ್ಲಿಸಲು ಕಲಿಯಿರಿ, ಅದೂ ಮುಂದಿನ ಬ್ರೇಕಿನಿಂದ. ‘ಎಂಟು’ ಪರೀಕ್ಷಿಸುವುದು ಕಾಲೂರದೆ ನಿಧಾನವಾಗಿ ತಿರುಗಿಸುವ ಸಮತೋಲನವನ್ನು ಮಾತ್ರ.

ಬ್ರೇಕ್ ಹಿಡಿದೊಡನೆ ಭಾರವೆಲ್ಲ ಮುಂದಕ್ಕೆ ಸರಿದು ಮುಂದಿನ ಟಯರು ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಆದುದರಿಂದ ಒಣರಸ್ತೆಯಲ್ಲಿ ನಿಲ್ಲಿಸುವ ಬಲದ ಬಹುಪಾಲು ಮುಂದಿನ ಚಕ್ರದ್ದೇ. ಹಿಂದಿನ ಬ್ರೇಕನ್ನೇ ನಂಬಿ ಜೋರಾಗಿ ತುಳಿದರೆ ಆ ಚಕ್ರ ಲಾಕ್ ಆಗಿ ಬೈಕು ಅಡ್ಡಕ್ಕೆ ಜಾರುತ್ತದೆ. ಹಾಗೆಂದು ಹಿರಿಯರ ಭಯ ಸುಳ್ಳಲ್ಲ: ಭಾರ ಸರಿಯುವ ಮೊದಲೇ ಮುಂದಿನ ಬ್ರೇಕಿನ ಕೈಹಿಡಿ, ಅಂದರೆ ಲಿವರನ್ನು ಥಟ್ಟನೆ ಎಳೆದರೆ, ಅಥವಾ ಹ್ಯಾಂಡಲ್ ತಿರುಗಿರುವಾಗ ಎಳೆದರೆ ಮುಂದಿನ ಚಕ್ರವೇ ಜಾರುತ್ತದೆ. ಲಿವರನ್ನು ಮೊದಲು ಮೆಲ್ಲನೆ ಅದುಮಿ, ಮುಂಭಾಗ ತಗ್ಗಿದ್ದು ಕೈಗೆ ತಿಳಿದ ಮೇಲೆ ಒತ್ತಡ ಹೆಚ್ಚಿಸುವುದೇ ಕಲಿಯಬೇಕಾದ ವಿದ್ಯೆ. ಜನರಿಲ್ಲದ ಡಾಮರು ಜಾಗದಲ್ಲಿ ಹ್ಯಾಂಡಲ್ ನೇರವಿಟ್ಟು, ದೃಷ್ಟಿ ದೂರದಲ್ಲಿಟ್ಟು, 20 ಕಿಲೋಮೀಟರ್ ವೇಗದಿಂದ ತೊಡಗಿ 40ರ ವರೆಗೆ ಅಭ್ಯಾಸ ಮಾಡಿ. 2019ರ ಏಪ್ರಿಲ್ ನಂತರದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಬೈಕುಗಳಲ್ಲಿ ಎ.ಬಿ.ಎಸ್. (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ, ಆದರೆ ಹಲವು ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ, ತಿರುವಿನಲ್ಲಿ ಬಾಗಿದ ಬೈಕನ್ನು ಅದು ಪೂರ್ತಿ ಕಾಯಲಾರದು.

40ರ ವೇಗದಲ್ಲಿ ಬೈಕು ಸೆಕೆಂಡಿಗೆ 11 ಮೀಟರ್ ಓಡುತ್ತದೆ; ಅಪಾಯ ಕಂಡು ಕೈ ಲಿವರಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರಬಹುದು. ವೇಗ 60 ಆದರೆ ಬ್ರೇಕ್ ಹಿಡಿದ ಮೇಲಿನ ದೂರ ಎರಡು ಪಟ್ಟಿಗೂ ಮಿಕ್ಕುತ್ತದೆ, ಒದ್ದೆಯಲ್ಲಿ ಇನ್ನೂ ಹೆಚ್ಚು. ಆದುದರಿಂದ ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ ವೇಗ ತಗ್ಗಿಸಿ ಗೇರ್ ಇಳಿಸಿ, ತಿರುವು ಮುಗಿಯುವ ಕಡೆಗೆ ನೋಡುತ್ತ ಸಾಗಿ. ಬಲತಿರುವುಗಳಲ್ಲಿ ನಡುಗೆರೆಯ ಹತ್ತಿರ ಹೋಗಬೇಡಿ: ಚಕ್ರ ನಮ್ಮ ಬದಿಯಲ್ಲೇ ಇದ್ದರೂ ಬಾಗಿದ ಸವಾರನ ತಲೆ ಗೆರೆಯಾಚೆ ಇರುತ್ತದೆ, ಎದುರಿನಿಂದ ಮುರಕಲ್ಲು ಹೇರಿದ ಲಾರಿ ಬರುತ್ತಿರಬಹುದು.

ಮೊದಲ ಮಳೆಗೆ ಡಾಮರಿನ ಮೇಲಿನ ಎಣ್ಣೆ, ಧೂಳು ಕಲೆತು ರಸ್ತೆ ತುಂಬ ಜಾರುತ್ತದೆ. ಸಾಧ್ಯವಿದ್ದರೆ ಸ್ವಲ್ಪ ಹೊತ್ತು ಕಾದು ಹೊರಡಿ. ಮರದ ನೆರಳಿನ ಹಾವಸೆಯ ಮೇಲೂ ಬಿಳಿಗೆರೆಗಳ ಮೇಲೂ ಬ್ರೇಕ್ ಹಿಡಿಯಬೇಡಿ. ಚೆರ್ಕಳದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸೇರುವಾಗ ಎದುರಾಗುವ ವೇಗವೇ ಬೇರೆ. ಅಲ್ಲಿ ಕನ್ನಡಿಯನ್ನು ಮಾತ್ರ ನಂಬದೆ ತಲೆ ತಿರುಗಿಸಿ ಹಿಂದೆ ನೋಡಿ.

ಐ.ಎಸ್.ಐ. ಗುರುತಿನ ಹೆಲ್ಮೆಟ್ ಧರಿಸಿ, ಪಟ್ಟಿಯನ್ನು ಗದ್ದದಡಿ ಬಿಗಿಯಿರಿ. 4 ವರ್ಷಕ್ಕೆ ಮೇಲ್ಪಟ್ಟ ಸಹಸವಾರರಿಗೂ ಕಾನೂನು ಅದನ್ನು ವಿಧಿಸಿದೆ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗುವ ಅಗತ್ಯವಿದ್ದರೆ, ಹಿಂದಿನ ಟಯರಿಗೆ ಕಂಪೆನಿ ಹೇಳಿದಷ್ಟು ಗಾಳಿ ಹಾಕಿಸಿ, ಅವರನ್ನು ಕೂರಿಸಿಕೊಂಡೇ ಬ್ರೇಕಿನ ಅಭ್ಯಾಸವನ್ನು ಮತ್ತೆ ಮೊದಲಿನಿಂದ ಮಾಡಿ.