1881ರಲ್ಲೇ ಗಡಿ ಒಪ್ಪಂದ ಆಗಿದ್ದರೂ ಅರ್ಜೆಂಟೀನಾ, ಚಿಲಿ 1978ರಲ್ಲಿ ಯುದ್ಧದ ಅಂಚಿಗೆ ಹೋಗಿದ್ದು ಯಾಕೆ?

1881ರ ಒಪ್ಪಂದ ಆಂಡಿಸ್ ಬೆಟ್ಟಸಾಲನ್ನೇ ಗಡಿ ಅಂದಿತು. ಆದರೆ ದಕ್ಷಿಣದ ತುದಿಯಲ್ಲಿ ಬೀಗಲ್ ಜಲಸಂಧಿ ಪೂರ್ವಕ್ಕೆ ಎಲ್ಲಿ ಮುಗಿಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರಲಿಲ್ಲ. ಹಾಗಾಗಿ ಪಿಕ್ಟನ್, ಲೆನಾಕ್ಸ್, ನುಯೇವಾ ದ್ವೀಪಗಳು ಯಾರವು ಅನ್ನೋ ಜಗಳ ಹುಟ್ಟಿತು. ದ್ವೀಪಗಳು ಚಿಕ್ಕವೇ. ಆದರೆ ಅವುಗಳ ಜೊತೆ ಬರುವ ಸಮುದ್ರದ ಹಕ್ಕು ದೊಡ್ಡದು, ಅಲ್ವಾ?

1977ರ ಮಧ್ಯಸ್ಥಿಕೆ ತೀರ್ಪು ದ್ವೀಪಗಳನ್ನು ಚಿಲಿಗೆ ಕೊಟ್ಟಿತು. ಅರ್ಜೆಂಟೀನಾದ ಸೇನಾ ಸರ್ಕಾರ ಒಪ್ಪಲಿಲ್ಲ. 1978ರ ಡಿಸೆಂಬರ್‌ನಲ್ಲಿ ಯುದ್ಧನೌಕೆಗಳು ಹೊರಟೇ ಬಿಟ್ಟಿದ್ದವು. ಆಗ ಪೋಪ್ ಎರಡನೇ ಜಾನ್ ಪಾಲ್, ಕಾರ್ಡಿನಲ್ ಸಮೋರೆ ಅವರನ್ನು ಸಂಧಾನಕ್ಕೆ ಕಳಿಸಿದರು.

ಕೊನೆಗೆ 1984ರಲ್ಲಿ ವ್ಯಾಟಿಕನ್‌ನಲ್ಲಿ ಸಹಿ ಬಿತ್ತು. ದ್ವೀಪಗಳು ಚಿಲಿಗೆ, ಸಮುದ್ರದ ಹೆಚ್ಚಿನ ಪಾಲು ಅರ್ಜೆಂಟೀನಾಗೆ. ನನಗೆ ತುಂಬಾ ಮೆಚ್ಚುಗೆಯಾಗುವುದು ಇದು: ಸಹಿಗೆ ಮೊದಲು, ಆಗಷ್ಟೇ ಪ್ರಜಾಪ್ರಭುತ್ವಕ್ಕೆ ಮರಳಿದ್ದ ಅರ್ಜೆಂಟೀನಾ ತನ್ನ ಜನರ ಮತ ಕೇಳಿತು. ಶೇ. 80ಕ್ಕೂ ಜಾಸ್ತಿ ಮತ ಒಪ್ಪಂದದ ಪರ ಬಿತ್ತು.