ನಾಟ್ಸ್ ಹಾಕಿಕೊಂಡರೆ ಬಿಟ್‌ಕಾಯಿನ್‌ನಲ್ಲಿ ಕಸ ನಿಲ್ಲುತ್ತದೆಯೇ?

ಬಿಟ್‌ಕಾಯಿನ್ ಜಾಲಕ್ಕೆ ನಮ್ಮ ಕಂಪ್ಯೂಟರ್ ಸೇರಿಸಲು ಹೆಚ್ಚಿನವರು ಬಳಸುವ ತಂತ್ರಾಂಶ ಕೋರ್; ಅದನ್ನೇ ಆಧರಿಸಿದ, ಬಿಗಿ ಫಿಲ್ಟರ್ ಇರುವ ಇನ್ನೊಂದು ರೂಪ ನಾಟ್ಸ್. ಕೋರ್ ಬಿಟ್ಟು ನಾಟ್ಸ್ ಹಾಕಿಕೊಂಡರೆ, ವಹಿವಾಟಿಗೆ ಅಂಟಿಸಿ ಕಳಿಸುವ ಚಿತ್ರ, ಟೋಕನ್‌ಗಳ ಕಸ ನಿಲ್ಲುತ್ತಾ ಅಂತ ಕೇಳಿದ್ದೀರಿ. ನಾನೂ ಅದೇ ಆಸೆಯಿಂದ ಬಿಗಿಯಾದ ಫಿಲ್ಟರ್ ಹಾಕಿದ್ದೆ.

2024ರ ಏಪ್ರಿಲ್. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹತ್ತಿರ ನನ್ನ ಮೊಬೈಲ್ ರಿಪೇರಿ ಕೆಲಸಕ್ಕೆ ಒಂದು ಮಳಿಗೆ ನೋಡಿದ್ದೆ. ಅಡ್ವಾನ್ಸ್ ಕೊಡಲು ಬಿಟ್‌ಕಾಯಿನ್ ಮಾರಬೇಕಿತ್ತು. ಮನೆಯಲ್ಲಿ ಟಿವಿ ಪಕ್ಕದ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ನನ್ನದೇ ನೋಡ್, ಅಂದರೆ ವಹಿವಾಟುಗಳನ್ನು ಪರೀಕ್ಷಿಸಿ ಮುಂದಕ್ಕೆ ದಾಟಿಸುವ ತಂತ್ರಾಂಶ, ಓಡುತ್ತಿತ್ತು. ಅದರ ಮೆಂಪೂಲ್‌ನಲ್ಲಿ, ಅಂದರೆ ಇನ್ನೂ ಬ್ಲಾಕ್‌ಗೆ (ವಹಿವಾಟುಗಳ ಕಟ್ಟಿಗೆ) ಸೇರದೆ ಕಾಯುತ್ತಿರುವ ವಹಿವಾಟುಗಳ ಪಟ್ಟಿಯಲ್ಲಿ, ಸಾಲು ಚಿಕ್ಕದಿದೆ ಅಂತ ಕಡಿಮೆ ಶುಲ್ಕ ಇಟ್ಟು ಎಕ್ಸ್‌ಚೇಂಜ್‌ಗೆ ಕಳಿಸಿದೆ.

ಎಡವಿದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ಏಪ್ರಿಲ್ 20ರಂದು 8,40,000ನೇ ಬ್ಲಾಕ್‌ಗೆ ಹಾಲ್ವಿಂಗ್ ಆಯಿತು, ಅಂದರೆ ಬ್ಲಾಕ್ ಕಟ್ಟುವ ಮೈನರ್‌ಗೆ ಸಿಗುವ ಹೊಸ ನಾಣ್ಯ ಅರ್ಧಕ್ಕಿಳಿಯಿತು. ಅದೇ ಬ್ಲಾಕ್‌ನಿಂದ ರೂನ್ಸ್ ಟೋಕನ್‌ಗಳೂ ಶುರುವಾದವು. ಅವುಗಳ ವಹಿವಾಟು ರಾಶಿ ಬಿದ್ದು ಶುಲ್ಕ ಗಗನಕ್ಕೇರಿತು. ನನ್ನ ಫಿಲ್ಟರ್ ಅವನ್ನು ಒಳಗೇ ಬಿಡುತ್ತಿರಲಿಲ್ಲ. ಹಾಗಾಗಿ ನನಗೆ ಕಂಡ ಸಾಲೇ ಬೇರೆ, ಮೈನರ್ ಮುಂದಿದ್ದ ಸಾಲೇ ಬೇರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ನಮಗೆ ಬೇಡದ ತಳಿಯ ಮೆಣಸಿನಕಾಯಿ ಚೀಲಗಳನ್ನು ಲೆಕ್ಕಕ್ಕೇ ಹಿಡಿಯದೆ, ಇವತ್ತು ಆವಕ ಕಡಿಮೆ ಅಂದ ಹಾಗೆ. ಹೆಚ್ಚು ಶುಲ್ಕ ಕೊಟ್ಟವರದ್ದು ಮೊದಲು ಸೇರುವುದರಿಂದ ನನ್ನ ವಹಿವಾಟು ಸಿಕ್ಕಿಕೊಂಡಿತು. ಮೇಲಾಗಿ, ಆಮೇಲೆ ಶುಲ್ಕ ಏರಿಸಲು ಬೇಕಾದ ಆರ್‌ಬಿಎಫ್ ಆಯ್ಕೆಯನ್ನು ಆಫ್ ಇಟ್ಟಿದ್ದೆ. ಚಿಲ್ಲರೆ ಉಳಿಸದೆ ಪೂರ್ತಿ ಮೊತ್ತ ಕಳಿಸಿದ್ದರಿಂದ, ಅದರ ಬೆನ್ನಿಗೆ ಹೆಚ್ಚು ಶುಲ್ಕದ ಇನ್ನೊಂದು ವಹಿವಾಟು ಮಾಡಿ ಎಳೆಯುವ ದಾರಿಯೂ ಉಳಿಯಲಿಲ್ಲ.

"ತಮ್ಮಾ, ರೊಕ್ಕ ಕೈಯಾಗ ಬರ್ಲಿಲ್ಲಂದ್ರ ನಾ ಎಷ್ಟಂತ ಕಾಯ್ಲಿ?" ಅಂದರು ಮಳಿಗೆಯ ಮಾಲೀಕರು. ಮಳಿಗೆ ಬೇರೆಯವರ ಪಾಲಾಯಿತು.

ಆದ್ದರಿಂದ ಯಾವುದು ಹಾಕಿದರೆ ಕಸ ನಿಲ್ಲುತ್ತದೆ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಫಿಲ್ಟರ್ ಅಂದರೆ ನಿಮ್ಮ ನೋಡ್ ಏನನ್ನು ಮುಂದಕ್ಕೆ ದಾಟಿಸಬೇಕು ಅನ್ನುವ ನಿಯಮ, ಅಷ್ಟೇ. ಶುಲ್ಕದ ಆಸೆಗೆ ಮೈನರ್ ಆ ವಹಿವಾಟನ್ನು ಬ್ಲಾಕ್‌ಗೆ ಸೇರಿಸಿದರೆ ಕೋರ್ ಕೂಡ ಒಪ್ಪುತ್ತದೆ, ನಾಟ್ಸ್ ಕೂಡ ಒಪ್ಪುತ್ತದೆ. ನೀವು ತಡೆದ ಚಿತ್ರ ಕೊನೆಗೆ ನಿಮ್ಮ ಡಿಸ್ಕ್‌ಗೇ ಬಂದು ಕೂರುತ್ತದೆ.

2025ರ ಅಕ್ಟೋಬರ್‌ನಲ್ಲಿ ಕೋರ್ 30 ಬಂದಾಗ ಓಪಿ ರಿಟರ್ನ್ (ವಹಿವಾಟಿಗೆ ಬೇರೆ ಮಾಹಿತಿ ಅಂಟಿಸುವ ಜಾಗ) ಮಿತಿಯನ್ನು 83ರಿಂದ 1,00,000 ಬೈಟ್‌ಗೆ ಏರಿಸಿದ್ದು ನನಗೂ ಹಿಡಿಸಿಲ್ಲ. ಆದರೆ 2023ರಿಂದ ಆರ್ಡಿನಲ್ಸ್ ಅನ್ನುವ ವಿಧಾನದ ಚಿತ್ರಗಳು ಬರುತ್ತಿರುವುದು ವಿಟ್‌ನೆಸ್ ಭಾಗದಲ್ಲಿ, ಅಂದರೆ ವಹಿವಾಟಿನ ಸಹಿ ಇರುವ ಬೇರೆ ಜಾಗದಲ್ಲಿ. ಆ ಹಳೆಯ ಮಿತಿ ಅವನ್ನು ಯಾವತ್ತೂ ತಡೆದಿರಲಿಲ್ಲ.

ಕಸವನ್ನು ನನ್ನ ಮನೆಯಿಂದ ಹಂಚುವುದಿಲ್ಲ ಅನ್ನುವುದಾದರೆ ನಾಟ್ಸ್ ಹಾಕಿ, ಅದು ನಿಮ್ಮ ಹಕ್ಕು. ಶುಲ್ಕ ಮಾತ್ರ ಸ್ವಂತ ಮೆಂಪೂಲ್ ನಂಬಿ ಇಡಬೇಡಿ. ಈಗಷ್ಟೇ ಬಂದ ಬ್ಲಾಕ್‌ಗಳಲ್ಲಿ ಎಷ್ಟು ಕೊಟ್ಟಿದ್ದಾರೆ ನೋಡಿ, ಆರ್‌ಬಿಎಫ್ ಆನ್ ಮಾಡಿ, ಆಮೇಲೆ ಕಳಿಸಿ.